ನೂರ ಎಂಬತ್ತೇಳನೆಯ ಅರ್ಜಿ

ನಮ್ಮ ಕಚೇರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಹುಡುಗರು ಬೆನ್ನ ಹಿಂದೆ ಟಕಟಕ ಸರ್ ಅನ್ನುತ್ತಿದ್ದರು, ನಾವು ಎದುರಿಗೇ ಅನ್ನುತ್ತಿದ್ದೆವು. ಯಾವ ಕಾಗದದ ಕಟ್ಟು ಕೈಗೆ ಬಂದರೂ ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ ಮೇಜಿಗೆ ಕುಟ್ಟಿ, ಅಂಚು ಸಮ ಮಾಡಿದ ಮೇಲೇ ಅವರು ಓದುವುದು. ಒಂದೇ ಹಾಳೆಯ ರಜಾ ಚೀಟಿ ಕೊಟ್ಟರೂ ಕುಟ್ಟುತ್ತಿದ್ದರು. ಮೊದಮೊದಲು ನನಗೆ ನಗು ಬರುತ್ತಿತ್ತು, ಆಮೇಲೆ ತಲೆನೋವು ಬರುತ್ತಿತ್ತು, ಹತ್ತೊಂಬತ್ತು ವರ್ಷ ಪಕ್ಕದ ಮೇಜಿನಲ್ಲಿ ಕೂತ ಮೇಲೆ ಆ ಸದ್ದು ಕೇಳದ ದಿನ ಕಚೇರಿಯಲ್ಲಿ ಏನೋ ಕೆಟ್ಟಿದೆ ಅನ್ನಿಸುತ್ತಿತ್ತು.

ನಮ್ಮದು ದೊಡ್ಡ ಕಾಲೇಜು. ಅದರ ಗೇಟಿನೊಳಗೆ ಕಾಲಿಡುವುದಕ್ಕೆ ಮಕ್ಕಳು ನಿದ್ದೆ, ಆಟ, ಗೆಳೆತನ ಎಲ್ಲ ಬಿಟ್ಟು ಓದುತ್ತಾರೆ. ಒಳಗೆ ಬಂದ ದಿನ ಅಪ್ಪ ಅಮ್ಮ ಗೇಟಿನ ಕಂಬ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಇನ್ನು ಜೀವನ ದಡ ಸೇರಿತು ಎಂದು ಅವರ ಮುಖದ ಮೇಲೆ ಬರೆದಿರುತ್ತದೆ. ಆ ಫೋಟೋ ತೆಗೆಸಿಕೊಳ್ಳುವವರು ಕಿಟಕಿಯಿಂದ ಕಂಡರೆ ನಾನು ಮುಖ ಬೇರೆ ಕಡೆ ತಿರುಗಿಸುತ್ತಿದ್ದೆ. ಯಾಕೆಂದರೆ ಗೇಟಿನೊಳಗೆ ಇನ್ನೊಂದು ಗೇಟು ಇದೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಅದು ನಮ್ಮ ಕೋಣೆಯಲ್ಲಿತ್ತು. ನಾನು ಕೂತ ಕುರ್ಚಿಯಿಂದ ನಾಲ್ಕು ಅಡಿ ದೂರದಲ್ಲಿ.

ನಮ್ಮದು ಉದ್ಯೋಗ ವಿಭಾಗ. ಕೊನೆಯ ವರ್ಷದ ವಿದ್ಯಾರ್ಥಿಗಳು ತಮ್ಮ ಬಗ್ಗೆ ಎರಡು ಪುಟ ಬರೆದು ಕೊಡುತ್ತಾರೆ. ಅವನ್ನೆಲ್ಲ ಸೇರಿಸಿ, ತೂತು ಹೊಡೆದು, ದಾರ ಕಟ್ಟಿ, ಕೆಲಸ ಕೊಡಲು ಬರುವ ಕಂಪನಿಗಳಿಗೆ ಒಂದೊಂದು ಪ್ರತಿ ಕಳಿಸುವುದು ನಮ್ಮ ಕೆಲಸ. ನಿಯಮದ ಪ್ರಕಾರ ಅರ್ಜಿಗಳು ಕ್ರಮಸಂಖ್ಯೆಯ ಪ್ರಕಾರ ಇರಬೇಕು. ಹದಿನೆಂಟು ವರ್ಷದ ಕೆಳಗೆ ಒಂದು ಕಂಪನಿಯ ದೊಡ್ಡ ಮನುಷ್ಯ ತಡವಾಗಿ ಬಂದ. ಕೈಗಡಿಯಾರ ನೋಡುತ್ತ, "ಇನ್ನೂರು ಅರ್ಜಿ ಯಾರ್ರೀ ಓದ್ತಾರೆ, ಮೇಲೆ ಒಂದೈವತ್ತು ಒಳ್ಳೇವು ಇಟ್ಟುಕೊಡಿ" ಅಂದ. ಟಕಟಕ ಸರ್ ಇಟ್ಟುಕೊಟ್ಟರು. ಆ ಮನುಷ್ಯ ಹೊರಡುವಾಗ ಅವರ ಕೈ ಕುಲುಕಿದ. ದೊಡ್ಡವರು ಗುಮಾಸ್ತನ ಕೈ ಕುಲುಕಿದ್ದು ಅದೇ ಮೊದಲು. ಆ ಸಂಜೆ ಅವರು ತಮ್ಮ ಬಲಗೈಯನ್ನು ಎರಡು ಮೂರು ಸಲ ತಿರುಗಿಸಿ ನೋಡಿಕೊಂಡರು.

ಮುಂದಿನ ವರ್ಷದಿಂದ ಯಾರೂ ಹೇಳದೆಯೇ ಅವರು ಜೋಡಿಸತೊಡಗಿದರು. ಒಳ್ಳೆಯವರು ಯಾರು ಎಂದು ಅವರಿಗೇನು ಗೊತ್ತು? ಹಾಗೆ ಅವರು ನೋಡಲೇ ಇಲ್ಲ. ಕಂಪನಿಯವರು ಯಾರನ್ನು ಆರಿಸುತ್ತಾರೆ ಎನ್ನುವುದನ್ನು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರು. ಆಯ್ಕೆಯಾದವರ ಅರ್ಜಿ ಒಂದು ಕಡೆ, ಆಗದವರದ್ದು ಒಂದು ಕಡೆ ಇಟ್ಟು, ಊಟದ ಡಬ್ಬಿ ಪಕ್ಕಕ್ಕೆ ತಳ್ಳಿ, ಸಾಲು ಸಾಲಾಗಿ ಹೋಲಿಸಿದರು. ಅಂಕದಲ್ಲಿ ವ್ಯತ್ಯಾಸ ಅಷ್ಟಿರಲಿಲ್ಲ. ವ್ಯತ್ಯಾಸ ಬೇರೆ ಕಡೆ ಇತ್ತು. ವರ್ಷ ವರ್ಷ ಅವರ ಕಣ್ಣು ಹರಿತವಾಯಿತು. ಅವರು ಮೇಲೆ ಇಟ್ಟವರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಕೆಲಸ ಸಿಕ್ಕುತ್ತಿತ್ತು. ಕಂಪನಿಯವರು ಮಧ್ಯಾಹ್ನದೊಳಗೆ ಕೆಲಸ ಮುಗಿಸಿ ಸಂತೋಷದಿಂದ ಹೋಗುತ್ತಿದ್ದರು, ಮರುವರ್ಷ ಇನ್ನಿಬ್ಬರನ್ನು ಕರೆತರುತ್ತಿದ್ದರು. ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಕಂಡೂ ಕಾಣದ ಹಾಗೆ ಇದ್ದರು. ಇದಕ್ಕಾಗಿ ಟಕಟಕ ಸರ್ ಯಾರಿಂದಲೂ ಒಂದು ಲೋಟ ಚಹಾ ಕೂಡ ತೆಗೆದುಕೊಂಡವರಲ್ಲ, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಮೇಲೆ ಇಟ್ಟವರಿಗೇ ಕೆಲಸ ಸಿಕ್ಕುವುದು ಅವರ ಕಣ್ಣಿನ ಬಲದಿಂದಲೋ, ಅಥವಾ ಕೆಳಗಿನದನ್ನು ಯಾರೂ ತೆರೆಯದೇ ಇದ್ದದ್ದರಿಂದಲೋ ಎಂದು ನಾನು ಒಂದು ಸಲ ಕೇಳಿದ್ದುಂಟು. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನೀನು ಟೈಪ್ ಮಾಡಮ್ಮ, ತತ್ವ ಬೇಡ" ಅಂದರು. ನನಗೆ ಕೋಪ ಬಂತು. ಆದರೆ ಟೈಪ್ ಮಾಡಿದೆ.

ಒಂದು ವರ್ಷ ಬಸ್ ಕಂಡಕ್ಟರ್ ಒಬ್ಬರ ಮಗ ಬಂದಿದ್ದ. ತರಗತಿಗೆ ಮೊದಲಿಗ. ಹನ್ನೊಂದು ಕಂಪನಿ ಬಂದುಹೋದರೂ ಒಬ್ಬರೂ ಅವನನ್ನು ಒಳಗೆ ಕರೆದಿರಲಿಲ್ಲ. ನಮ್ಮ ಮೇಜಿನ ಮುಂದೆ ನಿಂತು, "ಸರ್, ನನ್ನ ಅರ್ಜಿಯಲ್ಲಿ ಏನಾದ್ರೂ ತಪ್ಪಿದ್ಯಾ?" ಎಂದು ಕೇಳಿದ. ಟಕಟಕ ಸರ್ ಮೆತ್ತಗೆ, "ತಪ್ಪೇನಿಲ್ಲ ಕಣಪ್ಪ, ಕಾಲ ಕೂಡಿ ಬರ್ಬೇಕು" ಅಂದರು. ಹುಡುಗ ಕೈ ಮುಗಿದು ಹೋದ. ಎರಡು ವರ್ಷದ ಮೇಲೆ ದೊಡ್ಡ ಅಂಗಡಿಯೊಂದರಲ್ಲಿ ಫೋನು ಮಾರುವ ಕಟ್ಟೆಯ ಹಿಂದೆ ಅವನನ್ನು ಕಂಡೆ. ನನ್ನ ಗುರುತು ಹಿಡಿದು, ನಗುತ್ತಲೇ, ಯಾವ ಫೋನು ಬೇಕು ಮೇಡಂ ಅಂದ. ಕೊಳ್ಳಲು ಹೋಗಿದ್ದವಳು ಕೊಳ್ಳದೆ ಬಂದೆ.

ಇಷ್ಟೆಲ್ಲ ಹೇಳಿದ್ದು ಟಕಟಕ ಸರ್ ಮಗಳ ಸಲುವಾಗಿ.

ಒಬ್ಬಳೇ ಮಗಳು, ಮನೆಯಲ್ಲಿ ಪುಟ್ಟಿ ಅನ್ನುತ್ತಿದ್ದರು. ತಾಯಿ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದವರು. ಕಾಲೇಜಿನ ಆವರಣದ ಹಿಂಭಾಗದಲ್ಲಿ, ನೌಕರರಿಗೆ ಕೊಡುವ ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಗೋಡೆಯಲ್ಲಿ ಗಡಿಯಾರಕ್ಕೆ ಬಿಟ್ಟು ಬೇರೆ ಜಾಗವಿರಲಿಲ್ಲ, ಎಲ್ಲ ಪುಟ್ಟಿಯ ಪ್ರಮಾಣಪತ್ರ. ಮೂರನೇ ತರಗತಿಯಲ್ಲಿ ಒಂದು ದಿನವೂ ತಪ್ಪಿಸದೆ ಶಾಲೆಗೆ ಬಂದಿದ್ದಕ್ಕೆ ಕೊಟ್ಟಿದ್ದರಿಂದ ಹಿಡಿದು, ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಇಟ್ಟಿದ್ದರು. ಅವಳು ಈ ಕಾಲೇಜಿಗೆ ಸೇರಿದ್ದು ಅಪ್ಪನ ದಯೆಯಿಂದಲ್ಲ, ಅಂಕದಿಂದ. ಸೇರಿದ ದಿನ ಅವರೂ ಗೇಟಿನ ಕಂಬದ ಹತ್ತಿರ ಫೋಟೋ ತೆಗೆಸಿಕೊಂಡರು. ದಿನಾ ಅದೇ ಗೇಟಿನಲ್ಲಿ ಓಡಾಡುವ ಮನುಷ್ಯ, ಅವತ್ತು ಮಾತ್ರ ಹೊಸಬರ ಹಾಗೆ ನಿಂತಿದ್ದರು. ತೆಗೆದುಕೊಟ್ಟವಳು ನಾನೇ.

ಅವಳ ಕೊನೆಯ ವರ್ಷಕ್ಕೂ ಅವರ ನಿವೃತ್ತಿಗೂ ಸರಿಹೋಗಿತ್ತು. ನಿವೃತ್ತಿಯಾದ ತಿಂಗಳಲ್ಲಿ ಮನೆ ಬಿಡಬೇಕು. ಅಷ್ಟರಲ್ಲಿ ಪುಟ್ಟಿಗೊಂದು ಕೆಲಸ. ಆ ಮನೆಯಲ್ಲಿ ಮೂರು ಜನ ಏನು ಮಾತಾಡಿದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಒಂದು ಭಾನುವಾರ ನಾನು ಹೋದಾಗ ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆತ್ತಗೆ ಹೇಳಿದರು. "ನೋಡಮ್ಮ, ಎಷ್ಟೋ ಮನೆ ಮಕ್ಕಳನ್ನ ಇವರು ದಡ ಸೇರಿಸಿದ್ದಾರೆ. ಆ ಪುಣ್ಯ ನಮ್ಮ ಹುಡುಗಿಗೆ ಬರದೇ ಹೋಗುತ್ತಾ?" ನಾನು ಕೈಯಲ್ಲಿದ್ದ ಚಹಾ ಲೋಟದೊಳಗೆ ನೋಡುತ್ತ ತಲೆಯಾಡಿಸಿದೆ.

ಕಾಲೇಜಿನಲ್ಲಿ ಹಳೆಯ ನಿಯಮವೊಂದಿದೆ. ನೌಕರರ ಮಕ್ಕಳು ಕೊನೆಯ ವರ್ಷದಲ್ಲಿದ್ದರೆ ಆ ನೌಕರರು ಆ ಸಲದ ಅರ್ಜಿಗಳನ್ನು ಮುಟ್ಟುವ ಹಾಗಿಲ್ಲ. ಯಾರಿಗೂ ಅದು ನೆನಪಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಟಕಟಕ ಸರ್ ತಾವೇ ಹುಡುಕಿ ತೆಗೆದು, ಈ ಸಲ ನಾನು ಅರ್ಜಿ ಮುಟ್ಟುವುದಿಲ್ಲ ಎಂದು ತಾವೇ ಬರೆದು, ಸಹಿ ಮಾಡಿ ಮೇಡಂ ಮೇಜಿನ ಮೇಲೆ ಇಟ್ಟರು. ಮೇಡಂ, "ಇದೆಲ್ಲಾ ಯಾಕ್ರೀ ಈಗ, ನೀವೇ ಮಾಡಿ" ಅಂದರೂ ಒಪ್ಪಲಿಲ್ಲ. ಮನೆಯಲ್ಲಿ ಪುಟ್ಟಿ ತನ್ನ ಅರ್ಜಿ ಬರೆದು, "ಅಪ್ಪಾ, ಒಂದ್ಸಲ ಓದಿ ನೋಡು" ಅಂದರೆ, "ನಾನು ನೋಡಿದ್ರೆ ಅದು ತಪ್ಪಾಗುತ್ತೆ ಮಗಳೇ" ಎಂದು ಮುಖ ತಿರುಗಿಸಿದರಂತೆ. ಊರಿನ ಮಕ್ಕಳ ಅರ್ಜಿಯನ್ನೆಲ್ಲ ಸಾಲು ಸಾಲಾಗಿ ಜಾಲಾಡಿದ ಮನುಷ್ಯ ತನ್ನ ಮಗಳದ್ದನ್ನು ಓದಲಿಲ್ಲ. ಅವರ ಪ್ರಾಮಾಣಿಕತೆ ನೋಡಿದರೆ ನನಗೆ ಅವರನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸುತ್ತದೆ, ಈಗಲೂ.

ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅವರು ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದು ಕೊಟ್ಟರು. ಮುತ್ತು ಪೋಣಿಸಿದ ಹಾಗಿನ ಅಕ್ಷರ. ಹದಿನೆಂಟು ವರ್ಷದಲ್ಲಿ ಕಂಡುಕೊಂಡಿದ್ದನ್ನೆಲ್ಲ ಒಂದು ಕಡೆ ಬರೆದಿದ್ದರು. ರಜೆಯಲ್ಲಿ ಬೇರೆ ದೇಶದಲ್ಲಿದ್ದವರು ಮೇಲಕ್ಕೆ. ಸಂಬಳವಿಲ್ಲದೆ ದೊಡ್ಡ ಕಂಪನಿಯಲ್ಲಿ ಎರಡು ತಿಂಗಳು ಕೂತು ಬಂದವರು ಮೇಲಕ್ಕೆ. ಮಕ್ಕಳಿಗೆ ಮನೆಪಾಠ ಹೇಳಿದವರು, ಅಂಗಡಿಯಲ್ಲಿ ಕೂತವರು ಕೆಳಕ್ಕೆ. ಮೊದಲ ಸಾಲಿನಲ್ಲೇ ಅಂಕ ಹೇಳಿಕೊಂಡವರು ಕೆಳಕ್ಕೆ. ಕಷ್ಟ ಎನ್ನುವ ಮಾತು ಎರಡು ಸಲಕ್ಕಿಂತ ಹೆಚ್ಚು ಬಂದಿದ್ದರೆ ಕೆಳಕ್ಕೆ. ಹಾಜರಾತಿಯ ಬಹುಮಾನ ಬರೆದವರು ಕೆಳಕ್ಕೆ. ಕೇಳದೆ ಇದ್ದರೂ ತಂದೆಯ ಕೆಲಸ ಬರೆದವರು, ಕೆಳಕ್ಕೆ.

"ಇದರಲ್ಲಿದ್ದ ಹಾಗೇ ಮಾಡು" ಅಂದರು. "ನನ್ನ ಮಗಳು ಅಂತ ಒಂದು ಕೂದಲೆಳೆಯಷ್ಟೂ ಆಚೀಚೆ ಮಾಡ್ಬೇಡ. ನಿನಗೂ ಕೆಟ್ಟ ಹೆಸರು, ನನಗೂ ಕೆಟ್ಟ ಹೆಸರು."

"ಅಕಸ್ಮಾತ್ ಅವಳದು..." ಎಂದು ನಾನು ಶುರು ಮಾಡಿದೆ.

"ಅವಳದು ಮೇಲೇ ಬರುತ್ತೆ ಬಿಡಮ್ಮ. ತರಗತಿಗೆ ಎರಡನೆಯವಳು."

ಅವರ ಮುಖ ನೋಡಿದೆ. ತಮಾಷೆಯಲ್ಲ. ತಾವೇ ಬರೆದ ಹಾಳೆಯಲ್ಲಿ ಅಂಕದ ಮಾತು ಎಲ್ಲಿದೆ, ಹೇಗಿದೆ ಎನ್ನುವುದು ಅವರ ತಲೆಗೆ ಬಂದೇ ಇರಲಿಲ್ಲ. ಆ ಹಾಳೆ ಬೇರೆಯವರ ಮಕ್ಕಳಿಗೆ ಬರೆದದ್ದಾಗಿತ್ತು.

ಅರ್ಜಿ ಒಟ್ಟು ಇನ್ನೂರ ಹದಿನಾಲ್ಕು. ಪುಟ್ಟಿಯದು ಮೂರನೆಯ ದಿನ ಕೈಗೆ ಬಂತು. ಓದಿದೆ. ಮೊದಲ ಸಾಲಿನಲ್ಲೇ ಅಂಕ. ರಜೆಯಲ್ಲಿ ನೆರೆಮನೆಯ ಆರು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟದ್ದು. ಹನ್ನೆರಡು ವರ್ಷದ ಹಾಜರಾತಿ. ಕಷ್ಟಪಟ್ಟು ಎನ್ನುವ ಮಾತು ನಾಲ್ಕು ಸಲ. ಎರಡನೆಯ ಪುಟದ ಕೊನೆಗೆ ಬಂದಾಗ ನನ್ನ ಕನ್ನಡಕ ತೆಗೆದು ಒರೆಸಿಕೊಂಡೆ. ಅಲ್ಲಿ ಅಪ್ಪನ ಬಗ್ಗೆ ಬರೆದಿದ್ದಳು.

ಸುಳ್ಳು ಯಾಕೆ ಹೇಳಲಿ, ಅದನ್ನು ನಾನು ಮೇಲಿಂದ ಇಪ್ಪತ್ತನೆಯ ಜಾಗದಲ್ಲಿ ಇಟ್ಟೆ. ಇಟ್ಟು, ಊಟಕ್ಕೆ ಹೋದೆ. ಇಪ್ಪತ್ತನೆಯ ಜಾಗಕ್ಕೆ ಅವಳು ಬಂದರೆ ಕೆಳಗಿನವರಲ್ಲಿ ಯಾರು ಬರಬಾರದು? ನೂರ ನಲವತ್ತರಲ್ಲಿದ್ದ ನರ್ಸಮ್ಮನ ಮಗನೂ ಹಾಗೇ ಬರೆದಿದ್ದ, ನೂರ ಅರವತ್ತರಲ್ಲಿದ್ದ ಹೊಲಿಗೆಯವಳ ಮಗಳೂ. ಎಲ್ಲರನ್ನೂ ಕ್ರಮಸಂಖ್ಯೆಯ ಪ್ರಕಾರ ಇಡಬಹುದಿತ್ತು, ನಿಯಮ ಇದ್ದದ್ದೇ ಹಾಗೆ. ಅಷ್ಟು ಧೈರ್ಯ ನನಗಿರಲಿಲ್ಲ. ಕಂಪನಿಯವರು ಗೊಣಗಿದರೆ ಮೇಡಂ ಯಾರನ್ನು ಕೇಳುತ್ತಾರೆ? ಜೊತೆಗೆ ಟಕಟಕ ಸರ್ ಮಾತು ಕಿವಿಯಲ್ಲಿತ್ತು, ಒಂದು ಕೂದಲೆಳೆ. ಹತ್ತೊಂಬತ್ತು ವರ್ಷ ಅವರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿ ಮಾಡಿ ನನಗೆ ಬೇರೆ ರೀತಿ ಕೈ ಓಡುತ್ತಿರಲಿಲ್ಲ. ಊಟದಿಂದ ಬಂದು ಅರ್ಜಿಯನ್ನು ಎಳೆದು ತೆಗೆದೆ, ಹಾಳೆ ಮುಂದಿಟ್ಟುಕೊಂಡು ಅದು ಹೇಳಿದ ಕಡೆ ಇಟ್ಟೆ. ನೂರ ಎಂಬತ್ತೇಳು.

ಆ ಸೋಮವಾರ ಕಟ್ಟುಗಳು ಹೋದವು. ಮೂವತ್ತೊಂದು ಕಂಪನಿ, ಮೂವತ್ತೊಂದು ಕಟ್ಟು.

ಮೊದಲ ಕಂಪನಿ ಗುರುವಾರ ಬಂತು. ಎಲ್ಲಕ್ಕಿಂತ ದೊಡ್ಡದು. ಉದ್ದನೆಯ ಕಾರಿಡಾರಿನಲ್ಲಿ ಕುರ್ಚಿ ಸಾಲು ಹಾಕಿಸಿದ್ದೆವು. ಪುಟ್ಟಿ ತಿಳಿನೀಲಿ ಅಂಗಿ ಹಾಕಿ, ಕೂದಲು ಬಿಗಿಯಾಗಿ ಕಟ್ಟಿ, ತೊಡೆಯ ಮೇಲೆ ಪ್ರಮಾಣಪತ್ರದ ದಪ್ಪ ಫೈಲು ಇಟ್ಟುಕೊಂಡು ಕೂತಿದ್ದಳು. ಒಳಗಿನಿಂದ ಹೆಸರು ಕರೆಯುತ್ತಿದ್ದರು. ಕರೆದವರೆಲ್ಲ ಕೈ ಬೀಸಿಕೊಂಡು, ಕಾಗದವಿಲ್ಲದೆ ಒಳಗೆ ಹೋಗಿ, ನಗುತ್ತ ಹೊರಗೆ ಬರುತ್ತಿದ್ದರು. ಪ್ರತಿ ಸಲ ಬಾಗಿಲು ತೆರೆದಾಗ ಅವಳು ಬೆನ್ನು ನೆಟ್ಟಗೆ ಮಾಡುತ್ತಿದ್ದಳು. ಟಕಟಕ ಸರ್ ನೀರಿನ ಜಗ್ಗು ತುಂಬಿಸುವ ನೆಪದಲ್ಲಿ ಐದು ಸಲ ಆ ಕಾರಿಡಾರಿನಲ್ಲಿ ಹಾದುಹೋದರು. ಎರಡು ಗಂಟೆಗೆ ಒಳಗಿನವರು ಆಯ್ಕೆ ಮುಗಿಯಿತು ಅಂದರು.

ಚಹಾ ಕೊಡಲು ಒಳಗೆ ಹೋದಾಗ ಟಕಟಕ ಸರ್ ಕೇಳಿಯೇಬಿಟ್ಟರು. ನಾನು ಬಿಸ್ಕತ್ತಿನ ತಟ್ಟೆ ಹಿಡಿದು ಹಿಂದೆ ಇದ್ದೆ. ಜೀವನದಲ್ಲಿ ಒಬ್ಬರ ಹತ್ತಿರವೂ ಏನನ್ನೂ ಕೇಳದ ಮನುಷ್ಯ, ಮಾತು ತೊದಲುತ್ತಿತ್ತು. "ಸಾರ್, ಒಂದು ಹುಡುಗಿ ಅರ್ಜಿ, ತರಗತಿಗೆ ಎರಡನೆಯವಳು, ನೋಡಿದ್ರಾ?"

ಕಂಪನಿಯ ಮನುಷ್ಯ ಒಳ್ಳೆಯವನೇ. ಕಟ್ಟು ತಿರುವಿಹಾಕಿದ. ಮೊದಲ ಅರವತ್ತು ಅರ್ಜಿಗಳ ಅಂಚು ಬೆರಳು ತಾಗಿ ಮುದುಡಿತ್ತು. ಅಲ್ಲಿಂದ ಕೆಳಗೆ ಕತ್ತರಿಸಿ ತಂದ ಹಾಗೆ ನುಣುಪಾಗಿತ್ತು. "ಮೇಲಿನ ಅರವತ್ತರಲ್ಲಿ ಇರ್ಲಿಲ್ಲ ಅನ್ಸುತ್ತೆ" ಅಂದ. "ನಿಮ್ಮ ಕಚೇರಿಯವರು ಜೋಡಿಸಿದ್ದಾರೆ ಅಂದ್ಮೇಲೆ ನಾವು ಕೆಳಗೆ ನೋಡಲ್ಲ. ಬೇರೆ ಕಂಪನಿಯವರಿಗೂ ನಾನು ಅದೇ ಹೇಳೋದು, ಆ ಕಾಲೇಜಿನವರು ಹದಿನೆಂಟು ವರ್ಷದಲ್ಲಿ ಒಂದ್ಸಲಾನೂ ತಪ್ಪಿಲ್ಲ ಅಂತ." ಆಮೇಲೆ ಅವರ ಕೈ ಕುಲುಕಿದ.

ಕೋಣೆಗೆ ಬಂದು ಅವರು ತಮ್ಮ ಕುರ್ಚಿಯಲ್ಲಿ ಕೂರಲಿಲ್ಲ, ನನ್ನ ಮೇಜಿನ ಮುಂದೆ, ವಿದ್ಯಾರ್ಥಿಗಳು ನಿಲ್ಲುವ ಜಾಗದಲ್ಲಿ ನಿಂತರು.

"ಎಷ್ಟನೇದು?"

"ನೂರ ಎಂಬತ್ತೇಳು."

"ಯಾವುದರಿಂದ?"

ಹೇಳಿದೆ. ಅಂಕ, ಮನೆಪಾಠ, ಹಾಜರಾತಿ, ಕಷ್ಟ. ಒಂದೊಂದಕ್ಕೂ ಅವರು ತಲೆಯಾಡಿಸಿದರು, ಬೇರೆ ಯಾರದೋ ಮಗಳ ವಿಷಯ ಕೇಳಿದ ಹಾಗೆ. ನಾನು ಅಲ್ಲಿಗೇ ನಿಲ್ಲಿಸಿದೆ. ಅವರು ಬಿಡಲಿಲ್ಲ.

"ತಂದೆ ಕೆಲಸ ಬರೆದಿದ್ದಾಳಾ?"

"ಬರೆದಿದ್ದಾಳೆ."

"ಏನಂತ?"

ನನಗೆ ಬಾಯಿಪಾಠವಾಗಿತ್ತು, ಹೇಳಿದೆ. 'ನನ್ನ ತಂದೆ ಇದೇ ಕಾಲೇಜಿನ ಉದ್ಯೋಗ ವಿಭಾಗದಲ್ಲಿ ಗುಮಾಸ್ತರು. ಇಲ್ಲಿಂದ ಹೋದ ನೂರಾರು ಜನರ ಮೊದಲ ಕೆಲಸದ ಹಿಂದೆ ಅವರ ಕೈ ಇದೆ. ಯಾರನ್ನೂ ಮೇಲು ಕೀಳು ಎಂದು ನೋಡದೆ ಕೆಲಸ ಮಾಡುವುದನ್ನು ನಾನು ಅವರಿಂದ ಕಲಿತೆ.'

ಅವರು ಮೇಜಿನ ಮೇಲಿದ್ದ ತಮ್ಮ ಹಾಳೆ ಎತ್ತಿ, ಕುಟ್ಟಿ, ಅಂಚು ಸಮ ಮಾಡಿದರು. ಕೊನೆಗೆ, "ಸರಿಯಾಗೇ ಜೋಡಿಸಿದ್ದೀಯ" ಅಂದರು.

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. "ಇನ್ನೂ ಮೂವತ್ತು ಕಂಪನಿ ಇದೆ. ಕಟ್ಟು ಹೋಗಿದ್ರೇನು, ಮೇಡಂ ಹತ್ರ ಹೋಗಿ ಹೇಳೋಣ. ಕ್ರಮ ತಪ್ಪಾಗಿದೆ, ಕ್ರಮಸಂಖ್ಯೆ ಪ್ರಕಾರ ಹೊಸದಾಗಿ ಕಳಿಸ್ತೀವಿ ಅಂತ ಪತ್ರ ಹಾಕೋಣ. ನಾನೇ ಟೈಪ್ ಮಾಡ್ತೀನಿ, ಈಗ್ಲೇ."

"ತಪ್ಪು ಯಾವಾಗಿಂದ ಅಂತ ಕೇಳ್ತಾರಲ್ಲಮ್ಮ."

"ಕೇಳಲಿ."

"ಹದಿನೆಂಟು ವರ್ಷದ್ದೂ ಹೇಳ್ಬೇಕಾಗುತ್ತೆ. ಆ ಕಂಡಕ್ಟರ್ ಮಗಂದೂ. ಎಲ್ಲಾರ್ದೂ." ಅವರ ಧ್ವನಿ ಇಳಿದುಹೋಗಿತ್ತು. "ಆಗ ಇವಳಿಗೂ ಗೊತ್ತಾಗುತ್ತೆ."

ನಾನು ಟೈಪ್ ಯಂತ್ರಕ್ಕೆ ಕಾಗದ ಸೇರಿಸಿಬಿಟ್ಟಿದ್ದೆ. ಅವರು ಬಗ್ಗಿ ಅದನ್ನು ಮೆಲ್ಲಗೆ ಹೊರಗೆಳೆದರು.

ಅಷ್ಟರಲ್ಲಿ ಪುಟ್ಟಿ ಬಾಗಿಲಿಗೆ ಬಂದಳು. ಅತ್ತಿರಲಿಲ್ಲ. ಫೈಲನ್ನು ಎದೆಗೆ ಒತ್ತಿ ಹಿಡಿದಿದ್ದಳು, ಅಷ್ಟೆ. ನನ್ನ ಕಡೆ ನೋಡಿ, "ಏನತ್ತೆ, ಊಟ ಆಯ್ತಾ?" ಅಂದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ಇವತ್ತು ಕರೀಲಿಲ್ಲ ಅಪ್ಪಾ. ನಾಳೆ ಇನ್ನೊಂದು ಬರುತ್ತಲ್ಲ. ಸೋಮವಾರ ಎರಡು. ನನ್ನ ಅರ್ಜಿ ಅವರಿಗೂ ಹೋಗಿದೆ ತಾನೆ?"

ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ನನ್ನ ಮುಖ ನೋಡಿದರು. ಹೇಳಿದರೆ ಮಗಳಿಗೆ ಒಂದು ಕೆಲಸ ಉಳಿದೀತು, ಮಗಳು ಬರೆದ ಆ ಮೂರು ಸಾಲು ಉಳಿಯಲಾರದು. ಒಬ್ಬ ಮನುಷ್ಯ ಎರಡನ್ನೂ ತೂಗುವುದನ್ನು ನಾನು ನಾಲ್ಕು ಅಡಿ ದೂರದಿಂದ ನೋಡಿದೆ.

"ಹೋಗಿದೆ ಮಗಳೇ" ಅಂದರು. "ಎಲ್ಲಾ ಕಡೆ ಹೋಗಿದೆ. ನಾಳೆ ಸ್ವಲ್ಪ ಬೇಗ ಬಂದು ಮುಂದಿನ ಸಾಲಲ್ಲಿ ಕೂತ್ಕೋ."

"ಸರಿ ಅಪ್ಪಾ" ಅಂದಳು ಅವಳು.

ಮರುದಿನ ಎಂಟು ಗಂಟೆಗೆ ನಾನು ಕಾರಿಡಾರಿನ ದೀಪ ಹಾಕಿದಾಗ ಅವಳು ಮೊದಲ ಸಾಲಿನ ಮೊದಲ ಕುರ್ಚಿಯಲ್ಲಿ ಕೂತಿದ್ದಳು. ಉಳಿದ ಮೂವತ್ತು ಕಂಪನಿಗೂ ಅವಳು ಅದೇ ಕುರ್ಚಿಯಲ್ಲಿ ಕೂತಳು.